ಬಿ.ಬಿ. ರಸ್ತೆಯ ಆಸ್ಪರಾಗಸ್: ಕೊಳ್ಳುವ ಮುನ್ನ ಬುಡ ನೋಡಿ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಬ್ರೊಕೋಲಿ, ಝುಕಿನಿ, ಬಣ್ಣದ ದಪ್ಪ ಮೆಣಸಿನಕಾಯಿ ಇಡುವ ತರಕಾರಿ ಅಂಗಡಿಯೊಂದು ಈಚೆಗೆ ಹಸಿರು ಆಸ್ಪರಾಗಸ್ ಕೂಡ ತರಿಸುತ್ತಿದೆ. ಕಡ್ಡಿಯಂತೆ ನೆಟ್ಟಗಿರುವ ಎಳೆಯ ಕುಡಿಗಳೇ ಈ ತರಕಾರಿ. 250 ಗ್ರಾಂ ಕಟ್ಟಿಗೆ 160 ರೂಪಾಯಿ. ಅದೇ ಹಣಕ್ಕೆ ಎದುರಿನ ತಳ್ಳುಗಾಡಿಯಲ್ಲಿ ಹಲವು ದಿನಕ್ಕಾಗುವಷ್ಟು ಸೊಪ್ಪು, ಹುರುಳಿಕಾಯಿ ಬರುತ್ತದೆಂಬುದು ನಿಜವಾದರೂ, ಎಳೆಯದು ಸಿಕ್ಕ ದಿನ ಇದು ಕೊಟ್ಟ ದುಡ್ಡಿಗೆ ಮೋಸ ಮಾಡದ ತರಕಾರಿ ಎಂಬುದು ನನ್ನ ಅಭಿಪ್ರಾಯ. ಆದರೆ ಎಳೆಯದು ಎಲ್ಲ ದಿನವೂ ಸಿಗುವುದಿಲ್ಲ.

ಬೆಲೆ ಏರಿರುವುದಕ್ಕೆ ಬೆಳೆಯ ಸ್ವಭಾವವೂ ಒಂದು ಕಾರಣ. ನಮ್ಮ ಕಡೆಯ ಟೊಮ್ಯಾಟೊದಂತೆ ಕೆಲವೇ ತಿಂಗಳಲ್ಲಿ ಕೈಗೆ ಬರುವ ಬೆಳೆ ಇದಲ್ಲ. ನೆಲದೊಳಗಿನ ಬೇರುಬುಡ ಬಲಿಯಲಿ ಎಂದು ಮೊದಲ ಒಂದೆರಡು ವರ್ಷ ಕುಡಿಗಳನ್ನು ಕೊಯ್ಯದೆ ಬಿಡಬೇಕಾಗುತ್ತದೆ. ಆಮೇಲೆ ಹತ್ತು ವರ್ಷಕ್ಕೂ ಮೀರಿ ಫಸಲು ಸಿಗುತ್ತದಾದರೂ, ಕುಡಿ ಬೇಗನೆ ತುದಿ ಬಿಚ್ಚಿಕೊಂಡು ಸೊಪ್ಪಾಗುವುದರಿಂದ ಕೊಯ್ಲಿನ ಕಾಲದಲ್ಲಿ ಹೆಚ್ಚುಕಡಿಮೆ ನಿತ್ಯವೂ ಒಂದೊಂದನ್ನೇ ನೋಡಿ ಕೊಯ್ಯಬೇಕು. ಚಳಿದೇಶಗಳಲ್ಲಿ ಇದು ವಸಂತದ ತರಕಾರಿ. ಜರ್ಮನಿಯಲ್ಲಿ ಜೂನ್ 24ಕ್ಕೆ ಕೊಯ್ಲು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಡುವ ವಾಡಿಕೆಯಿದೆ. ಔಷಧಿಗೆ ಬಳಸುವ ಶತಾವರಿ ಇದೇ ಕುಲಕ್ಕೆ ಸೇರಿದ ಬೇರೆ ಗಿಡ. ಅದರಲ್ಲಿ ಬೇಕಾದದ್ದು ಬೇರು, ಇದರಲ್ಲಿ ಕುಡಿ.

ಇನ್ನು ಅಂಗಡಿಯ ವಿಷಯ. ಕೊಯ್ದ ಮೇಲೂ ಕುಡಿಯ ಉಸಿರಾಟ ಜೋರಾಗಿರುವುದರಿಂದ ಸಿಹಿ ಬೇಗ ಇಳಿದು, ಬುಡದಿಂದ ಮೇಲಕ್ಕೆ ನಾರು ಕಟ್ಟುತ್ತಾ ಹೋಗುತ್ತದೆ. ಹಾಗಾಗಿ ಇದನ್ನು ತಣ್ಣಗೆ, ಬುಡಕ್ಕೆ ಒಂದಿಷ್ಟು ನೀರು ತಗಲುವಂತೆ ನಿಲ್ಲಿಸಿಡಬೇಕು. ಈ ಅಂಗಡಿಯಲ್ಲಿ ಕಟ್ಟುಗಳನ್ನು ಕ್ರೇಟಿನಲ್ಲಿ ಅಡ್ಡಡ್ಡ ಮಲಗಿಸಿ, ಕೊತ್ತಂಬರಿಗೆ ಚಿಮುಕಿಸುವ ನೀರನ್ನೇ ಅವುಗಳ ಮೇಲೂ ಚಿಮುಕಿಸುತ್ತಾರೆ. ಪರಿಣಾಮವಾಗಿ ನೀರು ಬೇಕಾದ ಬುಡ ಒಣಗುತ್ತದೆ, ಬೇಡವಾದ ತುದಿ ಕೊಳೆಯುತ್ತದೆ. ಆದ್ದರಿಂದ ಕೊಳ್ಳುವವರೇ ಕಟ್ಟನ್ನು ತಿರುಗಿಸಿ ನೋಡಬೇಕು: ಕತ್ತರಿಸಿದ ಜಾಗ ಬಿಳಿಚಿಕೊಂಡು ಬಿರುಕು ಬಿಟ್ಟಿದ್ದರೆ, ಇಲ್ಲವೇ ತುದಿಯ ಮೊಗ್ಗಿನಂತಹ ಪದರಗಳು ಸಡಿಲವಾಗಿ ಬೆರಳಿಗೆ ಲೋಳೆ ಅಂಟಿದರೆ, ಅಲ್ಲೇ ಬಿಟ್ಟು ಬರುವುದು ಲೇಸು. ಎರಡು ಕುಡಿಗಳನ್ನು ಒಂದಕ್ಕೊಂದು ಉಜ್ಜಿದಾಗ ಕಿರ್ರೆಂದು ಸದ್ದು ಬಂದರೆ ಮಾಲು ಚೆನ್ನಾಗಿದೆ ಎಂದರ್ಥ. ದಪ್ಪ ಕುಡಿ ಬಲಿತದ್ದು, ಸಣ್ಣದು ಎಳೆಯದು ಎಂದು ಅಂಗಡಿಯ ಹುಡುಗ ಹೇಳುತ್ತಾನೆ, ಅದು ಸರಿಯಲ್ಲ. ಗಟ್ಟಿಮುಟ್ಟಾದ ಬುಡದಿಂದ ದಪ್ಪ ಕುಡಿಯೇ ಬರುತ್ತದೆ, ಮತ್ತು ಸಿಪ್ಪೆ ತೆಳುವಾಗಿ ಹೆರೆದರೆ ಅದರ ತಿರುಳು ಬಲು ಮೃದು.

ಅಡುಗೆಮನೆಯಲ್ಲಿ ಇದರ ಗುಣ ಪೂರ್ತಿ ತಿಳಿಯುವುದು ಬಸ್ಸಾರಿನಲ್ಲಿ. ಮುರಿದು ತೆಗೆದ ನಾರಿನ ಬುಡಗಳನ್ನು ತೊಳೆದು ಹೆಸರುಕಾಳಿನ ಜೊತೆಗೇ ಬೇಯಿಸಿ, ಬಸಿದಾದ ಮೇಲೆ ಬುಡಗಳನ್ನು ಎಸೆಯಬೇಕು. ಬಸಿದ ನೀರಿಗೆ ಹಸಿ ಬಟಾಣಿಯ ಸಿಪ್ಪೆಯನ್ನು ನೆನಪಿಸುವ ಒಂದು ಸಿಹಿಘಮಲು ಇಳಿದಿರುತ್ತದೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ತೆಂಗಿನಕಾಯಿಯ ಖಾರ ರುಬ್ಬಿ ಹಾಕುವಾಗ ಕೈ ಸ್ವಲ್ಪ ಹಿಡಿದರೆ ಆ ಘಮಲು ಸಾರಿನಲ್ಲೂ ಉಳಿಯುತ್ತದೆ. ಎಳೆಯ ಭಾಗವನ್ನು ಅಂಗುಲದುದ್ದ ಹೆಚ್ಚಿಟ್ಟುಕೊಂಡು, ಸಾಸಿವೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಇಂಗಿನ ಒಗ್ಗರಣೆಗೆ ಹಾಕಿ, ಜೋರು ಉರಿಯಲ್ಲಿ ಮುಚ್ಚಳವಿಲ್ಲದೆ ಮೂರು ನಾಲ್ಕು ನಿಮಿಷ ಬಾಡಿಸಿ, ಬೆಂದ ಕಾಳನ್ನೂ ಕಾಯಿತುರಿಯನ್ನೂ ಬೆರೆಸಿದರೆ ಪಲ್ಯ ಸಿದ್ಧ. ತುದಿಗಳು ಬೇಗ ಬೇಯುವುದರಿಂದ ಅವನ್ನು ಕೊನೆಗೆ ಹಾಕುವುದು ಒಳ್ಳೆಯದು. ಬಿಸಿ ರಾಗಿಮುದ್ದೆಗೆ ಈ ಸಾರು, ಪಕ್ಕದಲ್ಲಿ ಈ ಪಲ್ಯ ಇದ್ದರೆ ತರಕಾರಿ ಹೊರಗಿನದೆಂದು ಮನೆಯ ಹಿರಿಯರೂ ತಗಾದೆ ತೆಗೆಯುವುದಿಲ್ಲ.

ಸಾಂಬಾರಿಗೆ ಮಾತ್ರ ಬೇಡ. ಹುಣಸೆಯ ಹುಳಿಯಲ್ಲಿ ಕುದಿದರೆ ಹಸಿರು ಬಣ್ಣ ಮಂಕಾಗುತ್ತದೆ, ಪುಡಿಯ ಘಾಟಿನ ಮುಂದೆ ಇದರ ರುಚಿ ನಿಲ್ಲುವುದೂ ಇಲ್ಲ. ತೀರ ಎಳೆಯದಾದರೆ ಹಸಿಯಾಗಿಯೇ ತೆಳ್ಳಗೆ ಹೆಚ್ಚಿ ಹೆಸರುಬೇಳೆ ಕೋಸಂಬರಿಗೆ ಹಾಕಬಹುದು. ನಿಂಬೆರಸ ಬಡಿಸುವ ಹೊತ್ತಿಗೆ ಹಿಂಡಿದರೆ ಸಾಕು. ಇದನ್ನು ತಿಂದ ಮೇಲೆ ಮೂತ್ರಕ್ಕೆ ವಿಚಿತ್ರ ವಾಸನೆ ಬರುವುದು ಅದರಲ್ಲಿನ ಗಂಧಕದ ಅಂಶದಿಂದ, ಹೆದರಬೇಕಾದ್ದೇನಿಲ್ಲ.

ಅಂಗಡಿಯವರು ಕಟ್ಟು ಬಿಚ್ಚಿ ಅರ್ಧ ಕೊಡಲು ಒಪ್ಪುವುದಿಲ್ಲ, ಇಬ್ಬರೇ ಇರುವ ಮನೆಗೆ ಇದೊಂದು ಕಿರಿಕಿರಿ. ಮಾಲು ಬರುವುದು ಗುರುವಾರ ಮತ್ತು ಭಾನುವಾರ ಬೆಳಗ್ಗೆ. ಆ ದಿನ ಹತ್ತು ಗಂಟೆಯೊಳಗೆ ಹೋದವರಿಗೆ ಒಳ್ಳೆಯ ಕಟ್ಟು ಸಿಗುತ್ತದೆ. ಬುಧವಾರ ಸಂಜೆ ಉಳಿದದ್ದನ್ನು ಅರ್ಧ ಬೆಲೆಗೆ ಕೊಡುತ್ತೇವೆಂದರೂ ಪಕ್ಕದ ಹುರುಳಿಕಾಯಿಯನ್ನೇ ತನ್ನಿ.