ಬಿದ್ರಿ ಕಾರ್ಖಾನೆಗೆ ಯಾವ ಅರ್ಜಿ? ಉದ್ಯಮ್, ಕಾಪಿರೈಟ್, ಡಿಸೈನ್ ನೋಂದಣಿ ಸೇವೆಗಳ ವಿಮರ್ಶೆ

ಬೀದರಿನ ಚೌಬಾರಾ ಸುತ್ತಿನ ಬಿದ್ರಿ ಅಂಗಡಿಗಳಲ್ಲಿ ಹೊಸ ಚಿತ್ತಾರದ ಹೂದಾನಿಯೊಂದು ಕಪಾಟಿಗೆ ಏರಿದರೆ, ಸಂಜೆಯೊಳಗೆ ಅದರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹೈದರಾಬಾದು ಮುಟ್ಟಿರುತ್ತದೆ. ಮುಂದೆ ಅದೇ ಬಳ್ಳಿ ಚಿತ್ತಾರ ಬೇರೆಯವರ ಮಾಲಿನ ಮೇಲೆ ಕಂಡಾಗ ‘ಕಾಪಿರೈಟ್ ಮಾಡಿಸಬೇಕಿತ್ತು’ ಎನ್ನುತ್ತಾರೆ. ವಾರಗಟ್ಟಲೆ ಉಳಿ ಹಿಡಿದು ಕೂತವರ ಕೆಲಸ ಹೀಗೆ ಕೈತಪ್ಪುವುದು ನಿಜಕ್ಕೂ ದೊಡ್ಡ ನಷ್ಟ. ಆದರೆ ಮತ್ತೆ ಮತ್ತೆ ಮಾಡಿ ಮಾರುವ ಬಿದ್ರಿ ಮಾಲಿಗೆ ಕಾಪಿರೈಟ್ ಅರ್ಜಿ ಹೊಂದುವುದಿಲ್ಲ. ಅದಕ್ಕೆ ಬೇಕಾದದ್ದು ವಸ್ತುವಿನ ಆಕಾರ, ಚಿತ್ತಾರವನ್ನು ನಿಮ್ಮ ಹೆಸರಿಗೆ ಬರೆಸುವ ಡಿಸೈನ್ ನೋಂದಣಿ, ಅದೂ ಫೋಟೊ ಹೊರಗೆ ಹೋಗುವ ಮೊದಲೇ. ಸಣ್ಣ ಬಿದ್ರಿ ಕಾರ್ಖಾನೆ ಕಟ್ಟುವವರಿಗೆ ಸರ್ಕಾರದ ಯಾವ ಸೇವೆ ಎಷ್ಟು ದುಡ್ಡಿಗೆ ಏನು ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಈ ವಿಮರ್ಶೆ.

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಎಂದು ಸರ್ಕಾರದ ಪಟ್ಟಿಗೆ ಸೇರುವುದು. 2020ರ ಜುಲೈ 1ರಿಂದ ನಡೆಯುತ್ತಿರುವ ಈ ಸೇವೆ ಎಲ್ಲಕ್ಕಿಂತ ಸಲೀಸು. ಶುಲ್ಕವಿಲ್ಲ, ದಾಖಲೆ ಅಪ್‌ಲೋಡ್ ಇಲ್ಲ, ನವೀಕರಣದ ತಾಪತ್ರಯವೂ ಇಲ್ಲ. ಒಬ್ಬರೇ ನಡೆಸುವ ಅಂಗಡಿಗೆ ಮಾಲೀಕರ ಆಧಾರ್, ಪಾಲುದಾರಿಕೆಗೆ ಮ್ಯಾನೇಜಿಂಗ್ ಪಾಲುದಾರರ ಆಧಾರ್, ಅದಕ್ಕೆ ಜೋಡಿಸಿದ ಮೊಬೈಲು, ಪ್ಯಾನ್, ಬ್ಯಾಂಕ್ ಖಾತೆಯ ವಿವರ ಕೈಯಲ್ಲಿದ್ದರೆ ಸಾಕು. ಜಿಎಸ್‌ಟಿ ಸಂಖ್ಯೆ ಕಾನೂನು ಪ್ರಕಾರ ಬೇಕಾದವರಿಗೆ ಮಾತ್ರ. ಆಧಾರ್‌ನಲ್ಲಿ ಒಂದು ಹೆಸರು, ಪ್ಯಾನ್‌ನಲ್ಲಿ ಇನ್ನೊಂದು ಕಾಗುಣಿತ ಇದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು, ಹಾಗಾಗಿ ಅದನ್ನು ಮೊದಲೇ ಸರಿಪಡಿಸಿಕೊಳ್ಳಿ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇಲ್ಲದ, ಸಾವಿರಾರು ರೂಪಾಯಿ ‘ನೋಂದಣಿ ಶುಲ್ಕ’ ಕೇಳುವ ಖಾಸಗಿ ತಾಣಗಳಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಇಲ್ಲಿ ನಿಜವಾದ ಎಡವಟ್ಟು ಆಗುವುದು ಚಟುವಟಿಕೆ ಆರಿಸುವ ಕಾಲಂನಲ್ಲಿ. ಮುಂದೆ ಅಂಗಡಿ, ಹಿಂದೆ ಕಾರ್ಖಾನೆ ಇರುವ ಕಡೆ ಕಂಪ್ಯೂಟರ್ ಸೆಂಟರಿನವರು ‘ಅಂಗಡಿ ತಾನೇ’ ಎಂದು ವ್ಯಾಪಾರ ಎಂದು ಒತ್ತಿಬಿಡುತ್ತಾರೆ. ತಯಾರಿಕೆ ಎಂದೇ ಆರಿಸಬೇಕು. ತಯಾರಕರಾಗಿ ನೋಂದಾಯಿಸಿದ ಸೂಕ್ಷ್ಮ ಉದ್ಯಮಕ್ಕೆ ಮಾಲು ಕೊಂಡವರು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬರೀ ವ್ಯಾಪಾರಿ ಎಂದು ಬರೆಸಿಕೊಂಡವರಿಗೆ ಈ ರಕ್ಷಣೆ ಇಲ್ಲ. ದೊಡ್ಡ ಊರಿನ ಎಂಪೋರಿಯಮ್‌ಗಳಿಗೆ ಉದ್ದರಿ ಮಾಲು ಕಳಿಸುವವರಿಗೆ ಇದೊಂದೇ ಕಾರಣ ಸಾಕು, ಮೊದಲ ಬಿಲ್ಲು ಬರೆಯುವ ಮುನ್ನ ಉದ್ಯಮ್ ಮಾಡಿಸಿಕೊಳ್ಳಲು. 2025ರ ಏಪ್ರಿಲ್ 1ರಿಂದ ಹೂಡಿಕೆ ₹2.5 ಕೋಟಿ, ವಹಿವಾಟು ₹10 ಕೋಟಿಯೊಳಗಿದ್ದರೆ ಸೂಕ್ಷ್ಮ ಉದ್ಯಮವೇ. ಬಿದ್ರಿಯ ಬಹುತೇಕ ಎಲ್ಲರೂ ಅದರಲ್ಲೇ ಬರುತ್ತಾರೆ.

ಅಣ್ಣತಮ್ಮಂದಿರು ಸೇರಿ ಪಾಲುದಾರಿಕೆ ಮಾಡಿದ್ದರೆ ಇನ್ನೊಂದು ಮಾತು. ಪತ್ರ ಬರೆದು ಮನೆಯ ಟ್ರಂಕಿನಲ್ಲಿ ಇಟ್ಟರೆ ಆಗದು. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನ ಪ್ರಕಾರ, ನೋಂದಾಯಿಸದ ಸಂಸ್ಥೆ ಒಪ್ಪಂದದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ.

ಈಗ ಕಾಪಿರೈಟ್. ದೆಹಲಿಯ ದ್ವಾರಕಾದಲ್ಲಿರುವ ಕಚೇರಿಗೆ ಹೋಗುವ ಅಗತ್ಯವಿಲ್ಲ, ಇ-ಫೈಲಿಂಗ್‌ನಲ್ಲಿ ಬೀದರಿನಿಂದಲೇ ಎಲ್ಲ ಮುಗಿಯುತ್ತದೆ. ಖಾತೆ ತೆರೆದು ಫಾರಂ 14 ತುಂಬಿ, ಸಹಿಯ ಸ್ಕ್ಯಾನ್ ಮತ್ತು ಕೃತಿಯ ಪ್ರತಿ ಏರಿಸಿ, ಹಣ ಕಟ್ಟಿದರೆ ಡೈರಿ ಸಂಖ್ಯೆ ಬರುತ್ತದೆ. ಆಮೇಲೆ 30 ದಿನ ಆಕ್ಷೇಪಣೆಗೆ ಕಾಯುತ್ತಾರೆ, ಆನಂತರ ಪರಿಶೀಲನೆ. ತಪ್ಪು ಕಂಡರೆ ಪತ್ರ ಬರುತ್ತದೆ, ಅದರಲ್ಲಿ ಹೇಳಿದ ಗಡುವಿನೊಳಗೆ ಉತ್ತರಿಸದಿದ್ದರೆ ಕಟ್ಟಿದ ಶುಲ್ಕವೂ ಹೋಯಿತು. ಡೈರಿ ಸಂಖ್ಯೆಯನ್ನೇ ಪ್ರಮಾಣಪತ್ರ ಎಂದು ತಿಳಿದು ಬೋರ್ಡಿಗೆ ಬರೆಸುವವರಿದ್ದಾರೆ. ಅದು ಬರೀ ಸ್ವೀಕೃತಿ.

ಕಾಪಿರೈಟ್ ಹುಟ್ಟುವುದೇ ಕೃತಿ ರಚಿಸಿದ ಕ್ಷಣದಲ್ಲಿ, ನೋಂದಣಿ ಕಡ್ಡಾಯವಲ್ಲ. ನೋಂದಣಿ ಪುಸ್ತಕದ ನಮೂದು ಕೋರ್ಟಿನಲ್ಲಿ ಮೇಲ್ನೋಟದ ಸಾಕ್ಷ್ಯ ಎನಿಸಿಕೊಳ್ಳುತ್ತದೆ, ನೀವು ಕೊಳ್ಳುವುದು ಅದನ್ನೇ. ಕಲಾವಿದರ ಜೀವಿತಾವಧಿ ಮತ್ತು ಆನಂತರ 60 ವರ್ಷ ನಿಲ್ಲುವ ಹಕ್ಕಿಗೆ ₹500 ಕಟ್ಟಿ ಇಂಥ ಸಾಕ್ಷ್ಯ ಸಿಗುವುದು ಅಗ್ಗವೇ ಸರಿ.

ಆದರೆ ₹500 ಎಲ್ಲದಕ್ಕೂ ಅಲ್ಲ. ಬರಹಕ್ಕೆ, ಶುದ್ಧ ಕಲಾಕೃತಿಗೆ ಅಷ್ಟು. ಸರಕು ಅಥವಾ ಸೇವೆಗೆ ಬಳಸುವ, ಬಳಸಬಹುದಾದ ಕಲಾಕೃತಿಯಾದರೆ ₹2,000. ವಿಡಿಯೊ ಚಿತ್ರವಾದರೆ ₹5,000. ಸರಕಿಗೆ ಬಳಸುವ ಕಲಾಕೃತಿಯ ಬಗೆಯಲ್ಲಿ, ಅಂಥದ್ದೇ ಟ್ರೇಡ್‌ಮಾರ್ಕ್ (ಮಾಲನ್ನು ಗುರುತಿಸುವ ಹೆಸರು, ಚಿಹ್ನೆ) ಬೇರೆ ಯಾರ ಹೆಸರಿನಲ್ಲೂ ಇಲ್ಲ ಎಂಬ ಪ್ರಮಾಣಪತ್ರವನ್ನು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಿಂದ ತರಬೇಕು. ಆ ಟಿಎಂ-ಸಿ ಅರ್ಜಿಗೆ ಆನ್‌ಲೈನ್‌ನಲ್ಲಿ ₹9,000. ಅಲ್ಲಿಗೆ ಖರ್ಚು ₹11,000 ಆಯಿತು. ಪೆಟ್ಟಿಗೆಯ ಲೇಬಲ್ಲು, ಲೋಗೊಗಳಿಗೆ ಇಷ್ಟು ಕಟ್ಟುವ ಬದಲು ನೇರವಾಗಿ ಟ್ರೇಡ್‌ಮಾರ್ಕ್ ಅರ್ಜಿಯನ್ನೇ ಹಾಕುವುದು ಜಾಣತನ. ವ್ಯಕ್ತಿಗೆ ಅಥವಾ ಉದ್ಯಮ್ ಇರುವ ಸಣ್ಣ ಸಂಸ್ಥೆಗೆ ಆನ್‌ಲೈನ್‌ನಲ್ಲಿ ಸರಕಿನ ಒಂದು ವರ್ಗಕ್ಕೆ ₹4,500. ಅಂಗಡಿಯ ಹೆಸರಿಗಂತೂ ಕಾಪಿರೈಟ್ ಸಿಗುವುದೇ ಇಲ್ಲ, ಅದು ಟ್ರೇಡ್‌ಮಾರ್ಕಿನ ಸೊತ್ತು.

ಕಾಪಿರೈಟ್ ಫಾರಂ ತುಂಬುವವರು ಕಣ್ಣುಮುಚ್ಚಿ ದಾಟಿಬಿಡುವ ಒಂದು ಪ್ರಶ್ನೆ ವಿವರಪಟ್ಟಿಯ ಕೊನೆಯ ಸಾಲುಗಳಲ್ಲಿದೆ. ಈ ಕಲಾಕೃತಿ ಡಿಸೈನ್ ಆಗಿ ನೋಂದಣಿಗೆ ಅರ್ಹವೇ, ಅದನ್ನು ಕೈಗಾರಿಕಾ ಪ್ರಕ್ರಿಯೆಯಿಂದ ವಸ್ತುವಿಗೆ ಅಳವಡಿಸಲಾಗಿದೆಯೇ, ಹಾಗಿದ್ದರೆ ಎಷ್ಟು ಬಾರಿ? ಬಿದ್ರಿಯವರ ಪಾಲಿಗೆ ಇಡೀ ಫಾರಂನ ಜೀವ ಇರುವುದೇ ಇಲ್ಲಿ. ಕಾಪಿರೈಟ್ ಕಾಯ್ದೆಯ 15ನೇ ಕಲಮು ಹೇಳುವುದಿಷ್ಟು: ಡಿಸೈನ್ ಆಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ, ಮಾಲೀಕರೇ ಅಥವಾ ಅವರ ಒಪ್ಪಿಗೆ ಪಡೆದವರು ಅದನ್ನು 50ಕ್ಕಿಂತ ಹೆಚ್ಚು ಬಾರಿ ಕೈಗಾರಿಕಾ ಪ್ರಕ್ರಿಯೆಯಿಂದ ಮಾಡಿದರೆ, ಆ ಡಿಸೈನಿನ ಕಾಪಿರೈಟ್ ಅಲ್ಲಿಗೆ ಮುಗಿಯಿತು. 51ನೇ ಬಟ್ಟಲು ಕಾರ್ಖಾನೆಯಿಂದ ಹೊರಬಂದ ದಿನ ಗೋಡೆಯ ಮೇಲಿನ ಪ್ರಮಾಣಪತ್ರ ಬಟ್ಟಲಿನ ಮಟ್ಟಿಗೆ ಸತ್ವ ಕಳೆದುಕೊಳ್ಳುತ್ತದೆ. ‘ನಮ್ಮದು ಕೈಕೆಲಸ, ಕೈಗಾರಿಕೆ ಅಲ್ಲ’ ಎಂಬ ವಾದವನ್ನು ನಂಬಿ ಕೂರುವುದು ಅಪಾಯ. ಡಿಸೈನ್ಸ್ ಕಾಯ್ದೆ 2000ರ ವ್ಯಾಖ್ಯೆಯಲ್ಲಿ ಕೈಯಿಂದ, ಯಂತ್ರದಿಂದ, ರಾಸಾಯನಿಕದಿಂದ ಮಾಡುವ ಪ್ರಕ್ರಿಯೆಗಳೆಲ್ಲ ಸೇರುತ್ತವೆ.

ಹಾಗಾಗಿ ಕಾಪಿರೈಟ್ ಸೇವೆ ಯಾವುದಕ್ಕೆ ಒಳ್ಳೆಯದು? ಒಂದೇ ಒಂದು ಮಾಡುವ ದೊಡ್ಡ ಗೋಡೆ ಫಲಕಕ್ಕೆ, ಕ್ಯಾಟಲಾಗಿನ ಬರಹಕ್ಕೆ, ಫೋಟೊಗಳಿಗೆ, ಕೆಲಸ ತೋರಿಸುವ ವಿಡಿಯೊಗೆ. ಅಲ್ಲಿ ಕಣ್ಣುಮುಚ್ಚಿ ಹಾಕಬಹುದು.

ಬಿದ್ರಿಗೆ ಮಾತ್ರ ಬರುವ ಒಂದು ತೊಡಕನ್ನು ಯಾವ ಏಜೆಂಟೂ ಹೇಳುವುದಿಲ್ಲ. ಸತು ಮತ್ತು ತಾಮ್ರದ ಎರಕವನ್ನು ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿದಾಗ ಮೈ ಕಪ್ಪಾಗುತ್ತದೆ. ಅದರ ಮೇಲೆ ಮೊಳೆಯಂಥ ಕಂಟದಲ್ಲಿ ಗೀಚಿದರೆ ಬಿಳಿ ಗೆರೆ ಮೂಡುತ್ತದೆ. ನುರಿತ ಕೈಗಳು ಕಾಗದವಿಲ್ಲದೆ ಬಳ್ಳಿಯನ್ನು ನೇರ ಲೋಹದ ಮೇಲೆಯೇ ಬಿಡಿಸುತ್ತವೆ. ಉಳಿ ಆ ಗೆರೆಯನ್ನು ಕೊರೆಯುತ್ತದೆ, ಬೆಳ್ಳಿ ತಂತಿ ಅದನ್ನು ತುಂಬುತ್ತದೆ, ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ದ್ರಾವಣದಲ್ಲಿ ಮೈ ಶಾಶ್ವತವಾಗಿ ಕಪ್ಪಾಗುತ್ತದೆ. ಮೂಲ ನಕ್ಷೆ ಎಂಬುದು ಎಲ್ಲೂ ಉಳಿದಿರುವುದಿಲ್ಲ! ಕಾಪಿರೈಟ್ ಫಾರಂ ಕೃತಿಯ ಪ್ರತಿ ಕೇಳುತ್ತದೆ, ಮೂಲ ಕೃತಿ ಎಲ್ಲಿದೆ, ಯಾರ ಬಳಿ ಇದೆ ಎಂದೂ ಕೇಳುತ್ತದೆ. ಆದ್ದರಿಂದ ಗೆರೆ ಹಾಕಿದ ಮೇಲೆ, ಉಳಿ ಮುಟ್ಟಿಸುವ ಮುನ್ನ ಎರಡು ಕೆಲಸ ಮಾಡಿ. ಬಟರ್ ಪೇಪರಿಟ್ಟು ಚಿತ್ತಾರ ತೆಗೆದುಕೊಂಡು ಅದರ ಮೇಲೆ ಕಲಾವಿದರ ಸಹಿ, ದಿನಾಂಕ ಹಾಕಿಸಿ. ನೆರಳಿನ ಬೆಳಕಿನಲ್ಲಿ ನೇರ ಮೇಲಿನಿಂದ ಒಂದು ಫೋಟೊ ತೆಗೆದು ಮೂಲ ಫೈಲನ್ನು ಹಾಗೇ ಉಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಹೋಗಿ ಬಂದ ಫೋಟೊದಲ್ಲಿ ತೆಗೆದ ಸಮಯದ ಮಾಹಿತಿ ಉಳಿಯುವುದಿಲ್ಲ.

ಪದೇ ಪದೇ ಮಾಡುವ ಮಾಲಿಗೆ ಡಿಸೈನ್ ನೋಂದಣಿಯೇ ಸರಿ. ವ್ಯಕ್ತಿಗೂ ಉದ್ಯಮ್ ಇರುವ ಸಣ್ಣ ಸಂಸ್ಥೆಗೂ ಅರ್ಜಿ ಶುಲ್ಕ ₹1,000. ಮೊದಲು 10 ವರ್ಷ, ಹಣ ಕಟ್ಟಿ ಇನ್ನೂ 5 ವರ್ಷ ಮುಂದುವರಿಸಬಹುದು. ಫಾರಂ 1ರ ಜೊತೆ ವಸ್ತುವಿನ ಎಲ್ಲ ಮಗ್ಗುಲಿನ ಚಿತ್ರಗಳು ಬೇಕು: ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ, ಜೊತೆಗೊಂದು ಓರೆನೋಟ. ಹಿನ್ನೆಲೆ ಖಾಲಿ ಇರಬೇಕು, ಪಕ್ಕದಲ್ಲಿ ಹೂವು, ಕೈ, ಬೆಲೆ ಚೀಟಿ ಇರಬಾರದು. ಕಪ್ಪು ಮೈಯ ಮೇಲೆ ಬೆಳ್ಳಿ ಹೊಳೆದು ಗೆರೆ ಅಳಿಸಿಹೋದಂತೆ ಕಾಣುವುದು ಸಾಮಾನ್ಯ, ಫ್ಲಾಶ್ ಬಿಟ್ಟುಬಿಡಿ. ಹೂದಾನಿ, ಮೇಜಿನ ಅಲಂಕಾರದ ವಸ್ತುಗಳು ಡಿಸೈನ್ ವಸ್ತುಗಳನ್ನು ವಿಂಗಡಿಸುವ ಲೊಕಾರ್ನೊ ವರ್ಗೀಕರಣದ 11-02ರಲ್ಲಿ ಬರುತ್ತವೆ. ಅದೇ ಚಿತ್ತಾರವನ್ನು ಬೇರೆ ವರ್ಗದ ವಸ್ತುವಿಗೂ ಬಳಸುವುದಾದರೆ ಬೇರೆ ಅರ್ಜಿ.

ಡಿಸೈನಿನಲ್ಲಿ ಹೊಸದೇನು ಎಂದು ಅರ್ಜಿಯಲ್ಲಿ ಬರೆಯುವ ಹೊಸತನದ ಹೇಳಿಕೆಯಲ್ಲಿ ಅತಿಯಾಸೆ ಬೇಡ. ಅಶರ್ಫಿ ಬೂಟಿ, ಫೂಲ್‌ಝಡಿಯಂಥ ಹಳೆಯ ಮಾದರಿಗಳು ಯಾರೊಬ್ಬರ ಸ್ವತ್ತೂ ಅಲ್ಲ. ನಿಮ್ಮದು ಇರುವುದು ಅವುಗಳನ್ನು ಆ ನಿರ್ದಿಷ್ಟ ಆಕಾರದ ಮೇಲೆ ಜೋಡಿಸಿದ ರೀತಿ, ಅಷ್ಟನ್ನೇ ಕೇಳಿ. ಇನ್ನು ಗಡುವಿನ ವಿಷಯ ಕಠಿಣ. ಅರ್ಜಿಯ ದಿನಕ್ಕಿಂತ ಮೊದಲು ಆ ಡಿಸೈನು ಎಲ್ಲಾದರೂ ಪ್ರಕಟವಾಗಿದ್ದರೆ ನೋಂದಣಿ ರದ್ದಾಗಬಲ್ಲದು. ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಸ್ಟೇಟಸ್, ಮೇಳದ ಮಳಿಗೆ, ಗಿರಾಕಿಗೆ ಕಳಿಸಿದ ಕೊಟೇಶನ್ ಎಲ್ಲವೂ ಎದುರಾಳಿಯ ಕೈಗೆ ಸಾಕ್ಷ್ಯ ಕೊಡುತ್ತವೆ. ಮೊದಲು ಅರ್ಜಿ, ಆಮೇಲೆ ಪೋಸ್ಟ್. ಈ ಒಂದು ಕ್ರಮ ತಪ್ಪಿದ್ದಕ್ಕೇ ಎಷ್ಟೋ ಒಳ್ಳೆಯ ಕೆಲಸ ಅನಾಥವಾಗಿದೆ.

ಜಿಐ ಬಗ್ಗೆ ಚಿಕ್ಕದಾಗಿ: ಬಿದ್ರಿಗೆ ಭೌಗೋಳಿಕ ಸೂಚ್ಯಂಕದ ನೋಂದಣಿ ಇದೆ, ಅದು ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ಅಧಿಕೃತ ಬಳಕೆದಾರರಾಗಿ ಹೆಸರು ಹಚ್ಚಿಸಿಕೊಂಡರೆ ‘ಬಿದ್ರಿ’ ಎಂಬ ಹೆಸರಿನ ನಕಲಿ ಮಾಲಿನ ವಿರುದ್ಧ ನಿಲ್ಲಬಹುದು. ಪಕ್ಕದ ಬೀದಿಯ ಬಿದ್ರಿಯವರು ನಿಮ್ಮ ಬಳ್ಳಿ ಎತ್ತಿಕೊಂಡರೆ ಜಿಐ ಉಪಯೋಗಕ್ಕೆ ಬರದು, ಅವರದೂ ಅಸಲಿ ಬಿದ್ರಿಯೇ.

ಕೊನೆಗೆ ಹಕ್ಕು ಯಾರದು ಎಂಬ ಪ್ರಶ್ನೆ. ಬಿದ್ರಿಯಲ್ಲಿ ಎರಕದವರು, ನಕ್ಷೆಯವರು, ತಂತಿ ಕೂರಿಸುವವರು ಬೇರೆ ಬೇರೆ ಇರುತ್ತಾರೆ, ನಗಕ್ಕಿಷ್ಟು ಎಂದು ಕೂಲಿ. ಸಂಬಳದ ನೌಕರರು ಕೆಲಸದ ಭಾಗವಾಗಿ ಬಿಡಿಸಿದ್ದರ ಕಾಪಿರೈಟ್ ಮಾಲೀಕರದು. ನಗದ ಲೆಕ್ಕದಲ್ಲಿ ಬಿಡಿಸಿಕೊಟ್ಟವರದ್ದು ಅವರದ್ದೇ, ದುಡ್ಡು ಕೊಟ್ಟ ಮಾತ್ರಕ್ಕೆ ನಿಮ್ಮದಾಗದು. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಲೋಗೊ ಕೂಡ ಹಾಗೆಯೇ. ದುಡ್ಡು ಕೊಟ್ಟು ತೆಗೆಸಿದ ಫೋಟೊ ಮಾತ್ರ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಅರ್ಜಿ ಅಂಗಡಿಯ ಹೆಸರಿನಲ್ಲಿ ಹಾಕಿ ಕಲಾವಿದರ ಒಪ್ಪಿಗೆ ಪತ್ರ ಇಡದಿದ್ದರೆ ಕಚೇರಿಯಿಂದ ತಪ್ಪು ತೋರಿಸುವ ಪತ್ರ ಬರುವುದು ಖಚಿತ. ಕಾಪಿರೈಟ್ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ಹಸ್ತಾಂತರ ಬರಹದಲ್ಲೇ ಇರಬೇಕು, ಅರ್ಧ ಪುಟ ಸಾಕು:

‘ಇಂಥ ದಿನ ನಾನು ಬಿಡಿಸಿದ, ಇದಕ್ಕೆ ಲಗತ್ತಿಸಿದ ಚಿತ್ತಾರದ ಎಲ್ಲ ಹಕ್ಕುಗಳನ್ನು, ಕಾಪಿರೈಟ್ ಇರುವ ಪೂರ್ತಿ ಅವಧಿಗೆ, ಭಾರತ ಮತ್ತು ಹೊರದೇಶಗಳಲ್ಲಿ ಬಳಸಲು ಇಂಥವರಿಗೆ ಬರೆದುಕೊಟ್ಟಿದ್ದೇನೆ. ಪ್ರತಿಫಲ ಇಷ್ಟು ರೂಪಾಯಿ, ಮಾರಿದ ಪ್ರತಿ ನಗಕ್ಕೆ ಇಷ್ಟು. ಒಂದು ವರ್ಷ ಬಳಸದಿದ್ದರೂ ಹಸ್ತಾಂತರ ರದ್ದಾಗದು.’

ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಎಣಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ನಗದ ಮೇಲಿನ ಪಾಲನ್ನು ಬರೆಯಲು ಮಾಲೀಕರು ಹಿಂಜರಿಯಬಾರದು, ಬಳ್ಳಿ ಹುಟ್ಟಿದ್ದು ಆ ಕೈಯಲ್ಲಿ. ಹಸ್ತಾಂತರವಾದ ಮೇಲೂ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕು 57ನೇ ಕಲಮಿನಡಿ ಕಲಾವಿದರಲ್ಲೇ ಉಳಿಯುತ್ತದೆ, ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಅವರ ಹೆಸರು ಅಚ್ಚು ಹಾಕಿಸಿ.