ಸಣ್ಣ ಏರ್‌ಪೋರ್ಟಿಂದ ಸಣ್ಣ ಏರ್‌ಪೋರ್ಟಿಗೆ: ನೇರ ಎಟಿಆರ್ ಬೆಟರಾ, ಎರಡು ಜೆಟ್ ಹತ್ತೋದಾ?

ನಾನು ಆಗಾಗ ಓಡಾಡೋ ಎರಡು ಸಣ್ಣ ಏರ್‌ಪೋರ್ಟ್ ಮಧ್ಯೆ ನೇರ ದೂರ 550 ಕಿ.ಮೀ. ಡಿಸ್ಟೆನ್ಸ್ ಕ್ಯಾಲ್ಕುಲೇಟರಲ್ಲಿ ಹಾಕಿದ್ರೆ 1 ಗಂಟೆ 11 ನಿಮಿಷ ಅಂತ ತೋರ್ಸತ್ತೆ, ದಯವಿಟ್ಟು ಅದನ್ನ ನಂಬ್ಕೊಂಡು ಪ್ಲ್ಯಾನ್ ಮಾಡ್ಬೇಡಿ. ಅದು ಗಂಟೆಗೆ 800 ಕಿ.ಮೀ. ಅಂತ ಹಿಡ್ದು, ಏರೋಕೆ ಇಳಿಯೋಕೆ ಅರ್ಧ ಗಂಟೆ ಸೇರ್ಸಿದ ಲೆಕ್ಕ, ಅಂದ್ರೆ ಜೆಟ್ಟಿನ ಲೆಕ್ಕ. ಇಂಥ ರೂಟಲ್ಲಿ ನೇರ ಹೋಗೋದು ಬಹಳ ಸಲ ಎಟಿಆರ್ 72 ಥರದ ಪ್ರೊಪೆಲ್ಲರ್ ವಿಮಾನ, ಅದರ ಸ್ಪೀಡು 500ರ ಆಸುಪಾಸು ಅಷ್ಟೇ.

ನೇರ ಎಟಿಆರಲ್ಲೂ, ನಡುವೆ ಹಬ್‌ನಲ್ಲಿ (ಅಂದ್ರೆ ವಿಮಾನ ಬದಲಾಯಿಸೋ ದೊಡ್ಡ ಏರ್‌ಪೋರ್ಟಲ್ಲಿ) ಇಳಿದು ಎರಡು ಜೆಟ್ ಹತ್ತಿನೂ, ಎರಡೂ ದಾರೀಲಿ ಹೋಗಿ ಬಂದಿದೀನಿ. ಬಾಗಿಲು ಹಾಕಿದ್ದು, ಚಕ್ರ ನೆಲ ಬಿಟ್ಟಿದ್ದು, ಮತ್ತೆ ನೆಲ ಮುಟ್ಟಿದ್ದು, ಎಲ್ಲದರ ಟೈಮು ಮೊಬೈಲಲ್ಲಿ ಬರ್ಕೊಂಡಿದೀನಿ.

ಎಟಿಆರ್ ಹೋಗ್ತಾ ಆಕಾಶದಲ್ಲಿದ್ದಿದ್ದು 1 ಗಂಟೆ 10 ನಿಮಿಷ, ಬರ್ತಾ 1 ಗಂಟೆ 24. ಅದೇ ದೂರ, ಅದೇ ವಿಮಾನ, ಎದುರುಗಾಳಿ ಒಂದೇ ವ್ಯತ್ಯಾಸ. ಗಾಳಿ 50 ಕಿ.ಮೀ. ಕಿತ್ಕೊಂಡ್ರೆ 500ರಲ್ಲಿ ಅದು ಹತ್ತರಲ್ಲೊಂದು ಪಾಲು, 830ರಲ್ಲಿ ಹೋಗೋ ಜೆಟ್ಟಿಗೆ ಸುಮಾರು ಹದಿನೇಳರಲ್ಲೊಂದು ಪಾಲು, ಹಾಗಾಗಿ ನಿಧಾನದ ವಿಮಾನಕ್ಕೇ ಗಾಳಿ ಹೊಡೆತ ಜಾಸ್ತಿ. ಟ್ಯಾಕ್ಸಿಯಿಂಗ್ (ವಿಮಾನ ನೆಲದ ಮೇಲೆ ಓಡೋ ಟೈಮು) ಸೇರ್ಸಿದ್ರೂ ಒಂದೂವರೆ ಗಂಟೆ ಚಿಲ್ಲರೆ.

ಹಬ್ ಮೇಲೆ ಹೋದ್ರೆ ಮೊದಲ ಫ್ಲೈಟ್ 480, ಎರಡನೇದು 620, ಒಟ್ಟು 1100 ಕಿ.ಮೀ., ಸರಿಯಾಗಿ ಡಬಲ್. ಹಾರಿದ್ದು ಬರೀ 48 ಪ್ಲಸ್ 58 ನಿಮಿಷ, ಇಲ್ಲೇ ಜನ ಏಮಾರೋದು. ಇಳಿದ್ಮೇಲೆ ಗೇಟ್ ಮುಟ್ಟೋಕೆ 17 ನಿಮಿಷ, ನಡುವೆ 2 ಗಂಟೆ 20 ನಿಮಿಷ ಕಾಯೋದು, ಆಮೇಲೆ ರನ್‌ವೇ ಕ್ಯೂನಲ್ಲಿ 22 ನಿಮಿಷ, ಎಲ್ಲ ಸೇರಿ 4 ಗಂಟೆ 45 ನಿಮಿಷ. ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಇರ್ಲಿ, ಬೇರೆ ಬೇರೆ ಟಿಕೆಟ್ ತಗೊಂಡು ಮೊದಲನೇದು ಲೇಟಾದ್ರೆ ಎರಡನೇದು ಹೋದ ಹಾಗೇ.

ಆರಾಮು ಅಂದ್ರೆ ಜೆಟ್ಟೇ, ಒಪ್ಕೋತೀನಿ. ಎಟಿಆರ್ 25,000 ಅಡಿಗಿಂತ ಮೇಲೆ ಹೋಗಲ್ಲ, ಮೋಡ ಇದ್ರೆ ಕುಲುಕತ್ತೆ, ಪ್ರೊಪೆಲ್ಲರ್ ಪಕ್ಕದ ಸಾಲುಗಳಲ್ಲಿ ಗುಂಯ್ ಅನ್ನೋ ಸದ್ದು ಬೇರೆ. ಆದ್ರೆ ರೆಕ್ಕೆ ಮೇಲ್ಗಡೆ ಇರೋದ್ರಿಂದ ಕಿಟಕೀಲಿ ಕೆರೆ, ಹೊಲದ ಬದು, ರೋಡಲ್ಲಿ ಹೋಗೋ ಲಾರಿ ಕೂಡ ಕಾಣತ್ತೆ, ನನಗೆ ಅದು ತುಂಬ ಇಷ್ಟ.

ಎಟಿಆರ್‌ದು ನಿಜವಾದ ತೊಂದ್ರೆ ಅಂದ್ರೆ ದಿನಕ್ಕೆ ಒಂದೇ ಫ್ಲೈಟು. ಒಂದ್ಸಲ ಬೆಳಿಗ್ಗೆ ಮಂಜು ಕವಿದು ರನ್‌ವೇ ಕಾಣದೆ ಮೇಲೆ ಎರಡು ಸುತ್ತು ಹೊಡ್ದು, ಹೊರಟ ಏರ್‌ಪೋರ್ಟಿಗೇ ವಾಪಸ್ ಬಂದು ಇಳಿದ್ವಿ, ಮತ್ತೆ ಹೋಗಿದ್ದು ಮಾರನೇ ದಿನ. ಸಣ್ಣ ಏರ್‌ಪೋರ್ಟಲ್ಲಿ ಐಎಲ್‌ಎಸ್ (ರೇಡಿಯೋ ಸಿಗ್ನಲ್‌ನಿಂದ ರನ್‌ವೇಗೆ ದಾರಿ ತೋರ್ಸೋ ವ್ಯವಸ್ಥೆ) ಇಲ್ದಿದ್ರೆ ಪೈಲಟ್‌ಗೆ ರನ್‌ವೇ ಇನ್ನೂ ದೂರದಿಂದಾನೇ ಕಾಣ್ಬೇಕು. ಅದಕ್ಕೇ ಈಗ ತಪ್ಪಿಸೋಕೆ ಆಗದ ಕೆಲಸ ಇದ್ರೆ ಹಿಂದಿನ ದಿನಾನೇ ಎಟಿಆರ್ ಹತ್ತಿ ಹೋಗ್ಬಿಡ್ತೀನಿ, ಹಬ್ ದಾರಿ ಮಾತ್ರ ಬೇಡ. ಎಟಿಆರಲ್ಲಿ ಸೀಟು ಕೊನೇ ಸಾಲುಗಳಲ್ಲಿ ತಗೊಳ್ಳಿ, ಅದರಲ್ಲಿ ಲಗೇಜು ಮುಂದೆ, ನಮ್ಮ ಬಾಗಿಲು ಹಿಂದೆ, ಹಾಗಾಗಿ ಮೊದ್ಲು ಇಳಿಯೋರು ನೀವೇ.