ಮಂಗನ ಕಾಯಿಲೆ ತಡೆಯ ಸಹಭಾಗಿತ್ವ: ಅಳೆಯಲು ಮೂರು ದಾರಿ

ಮಂಗನ ಕಾಯಿಲೆ ತಡೆಗೆ ಊರಿನವರು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ, ಅರಣ್ಯ ಇಲಾಖೆ, ಪಶುವೈದ್ಯರು ಒಂದಾಗಿ ಮಾಡುವ ಕೆಲಸಕ್ಕೆ ಫಲ ಸಿಗುತ್ತಿದೆಯೇ? ಸಾಗರ ಸೀಮೆಯ ನಮ್ಮ ಗುಂಪು ಇದನ್ನು ತಿಳಿಯಲು ಮೂರು ವಿಧಾನ ಹಿಡಿದು ನೋಡಿತು. ನನ್ನ ಮತ ಮೂರನೆಯದಕ್ಕೆ, ಕ್ರಿಯಾ ಸಿದ್ಧಾಂತಕ್ಕೆ.

ಮೊದಲು ಲೆಕ್ಕದ ಪಟ್ಟಿ. ಎಷ್ಟು ಸಭೆ, ಎಷ್ಟು ಬಾಟಲಿ ಡೆಪಾ ಎಣ್ಣೆ (ಕಾಯಿಲೆ ಹರಡುವ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ), ಎಷ್ಟು ಜ್ವರ. ತುಂಬುವುದು ಸಲೀಸು. ಆದರೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಒಂದು ವರ್ಷ ಜೋರು, ಇನ್ನೊಂದು ವರ್ಷ ತಣ್ಣಗೆ. 2018-19ರಲ್ಲಿ ಅರಳಗೋಡು ಭಾಗ ನರಳಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ಜ್ವರ ಇಳಿದ ವರ್ಷ ಅದು ಕೆಲಸದ ಫಲವೋ ಕಾಯಿಲೆಯ ಏರಿಳಿತವೋ ಎಂದು ಪಟ್ಟಿ ಹೇಳುವುದಿಲ್ಲ.

ಎರಡನೆಯದು, ಆದ ಬದಲಾವಣೆಗಳಲ್ಲಿ ದೊಡ್ಡದು ಯಾವುದೆಂದು ಜನರ ಬಾಯಲ್ಲೇ ಕೇಳಿ, ಕೂತು ಆರಿಸುವುದು. ಮನಸ್ಸಿಗೆ ಹತ್ತಿರವಾಗುವ ವಿಧಾನ. ಮಾತಾಡಬಲ್ಲವರ ಕಥೆಯೇ ಮುಂದೆ ಬರುತ್ತದೆ ಎಂಬುದೊಂದೇ ತೊಡಕು.

ಮೂರನೆಯದಾದ ಕ್ರಿಯಾ ಸಿದ್ಧಾಂತದಲ್ಲಿ ‘ಹೀಗೆ ಮಾಡಿದರೆ ಹೀಗಾಗುತ್ತದೆ, ಯಾಕೆಂದರೆ’ ಎಂದು ಕೊಂಡಿಗೆ ಕೊಂಡಿ ಸೇರಿಸಿ ಬರೆಯಬೇಕು. ಎಣ್ಣೆ ಮನೆ ಸೇರಿದರೆ ಜನ ಹಚ್ಚುತ್ತಾರೆ, ಹಚ್ಚಿದರೆ ಉಣುಗು ಕಚ್ಚುವುದು ಕಡಿಮೆ. ಸತ್ತ ಮಂಗದ ಸುದ್ದಿ ಬೇಗ ಮುಟ್ಟಿಸಿದರೆ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಬೀಳುತ್ತದೆ, ಸತ್ತ ಮಂಗನಿಂದ ಉದುರಿದ ಉಣುಗು ಅಲ್ಲೇ ಸಾಯುತ್ತವೆ. ಆಮೇಲೆ ಪ್ರತಿ ಕೊಂಡಿಯನ್ನೂ ಊರಲ್ಲಿ ಹೋಗಿ ಜಗ್ಗಿ ನೋಡಬೇಕು. ಎಣ್ಣೆ ಮನೆ ಸೇರಿತ್ತು. ಕಾಡಿನಿಂದ ದರಗು (ಒಣ ಎಲೆ) ತರಲು ಹೊರಟಿದ್ದ ಒಬ್ಬ ಅಮ್ಮ ಹೇಳಿದರು: ‘ಎಣ್ಣೆ ಮೆತ್ತಿದ ಕೈಯಲ್ಲೇ ಬುತ್ತಿ ಉಣ್ಬೇಕಲ್ಲ ಮಾರಾಯ್ರೆ, ಅದ್ಕೇ ಬಾಟ್ಲಿ ಮನೇಲೇ ಇರ್ತದೆ.’ ಪಟ್ಟಿಯಲ್ಲಿ ಆ ಮನೆಯ ಮುಂದೆ ‘ವಿತರಣೆ ಆಗಿದೆ’ ಎಂದಿತ್ತು. ಮುರಿದದ್ದು ‘ಮನೆ ಸೇರಿದರೆ ಹಚ್ಚುತ್ತಾರೆ’ ಎಂಬ ಕೊಂಡಿ. ಬೇಕಾಗಿದ್ದದ್ದು ಇನ್ನಷ್ಟು ಬಾಟಲಿ ಅಲ್ಲ, ಕಾಡಿನಲ್ಲಿ ಕೈ ತೊಳೆಯಲು ಸೋಪು ನೀರು.

1974ರಲ್ಲಿ ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶೋನ್ ಎಂಬ ವಿದ್ವಾಂಸರು ಒಂದು ಮುಖ್ಯ ಭೇದ ತೋರಿಸಿದರು: ನಾವು ಬಾಯಲ್ಲಿ ಹೇಳುವ ಸಿದ್ಧಾಂತ ಬೇರೆ, ನಡೆಯಲ್ಲಿರುವುದು ಬೇರೆ. ಸಹಭಾಗಿತ್ವಗಳಿಗೆ ಇದಕ್ಕಿಂತ ಉಪಯುಕ್ತ ಕನ್ನಡಿ ನಾನು ಕಂಡಿಲ್ಲ. ಕಾಗದದ ಮೇಲೆ ಊರಿನವರು ಪಾಲುದಾರರು. ಸಭೆ ಮಾತ್ರ ಹಗಲು ಹನ್ನೊಂದಕ್ಕೆ, ಕೂಲಿಯವರೆಲ್ಲ ತೋಟದಲ್ಲಿರುವ ಹೊತ್ತಿಗೆ. ಅಂದರೆ ನಡೆಯಲ್ಲಿರುವ ಸಿದ್ಧಾಂತ, ‘ನಾವು ಹೇಳಿದರೆ ಅವರು ಮಾಡುತ್ತಾರೆ’.

ಕ್ರಿಯಾ ಸಿದ್ಧಾಂತಕ್ಕೆ ಸಮಯ ಹಿಡಿಯುತ್ತದೆ, ವರ್ಷವರ್ಷವೂ ತಿದ್ದಬೇಕು. ಅದೇ ಅದರ ಬಲವೂ ಹೌದು. 2022ರಲ್ಲಿ ಹಳೇ ಲಸಿಕೆ ನಿಂತಿತು. ಪಟ್ಟಿಯಲ್ಲಾದರೆ ಒಂದು ಅಂಕಣ ಖಾಲಿ, ಅಷ್ಟೇ. ಕೊಂಡಿಗಳ ಸರಪಳಿ ಬರೆದವರಿಗೆ ಮಾತ್ರ ಲಸಿಕೆಯ ಭಾರವನ್ನು ಇನ್ನು ಎಣ್ಣೆ, ಮಂಗನ ಸಾವಿನ ಸುದ್ದಿ, ಬೇಗನೆ ಆಗುವ ರಕ್ತ ಪರೀಕ್ಷೆ ಹೊರಬೇಕೆಂದು ಕಣ್ಣಿಗೆ ಕಾಣುತ್ತದೆ.

ಮೇಲಿನವರಿಗೆ ಲೆಕ್ಕ ಬೇಕೇ ಬೇಕು, ಅದನ್ನು ಕೊಡಿ. ಸರಪಳಿಯನ್ನು ಮಾತ್ರ ನಾಟಿ ಮುಗಿದ ಮೇಲೆ, ಡಿಸೆಂಬರಿನಲ್ಲಿ ಕಾಯಿಲೆಯ ಕಾಲ ಶುರುವಾಗುವ ಮೊದಲೇ, ದರಗು ತರುವವರನ್ನು ಸಂಜೆ ಕೂರಿಸಿಕೊಂಡು ಬರೆಯಿರಿ.